ಮಹಾಯುದ್ಧದ ಚಾರ್ಟು

ಅಂಟಿನ ವಾಸನೆ ಬಂದರೆ ಈಗಲೂ ನನಗೆ ಪರದೇಶದ ವೆಲ್ಡ್‌ಹೋವನ್ ಊರಿನ ನಮ್ಮ ಮನೆಯ ಆ ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಮೊದಲನೇ ಮಹಾಯುದ್ಧ ಯಾಕೆ ಶುರುವಾಯಿತು ಎಂಬ ಶಾಲೆಯ ಚಾರ್ಟಿಗೆ ನಾನು ಬಣ್ಣದ ಕಾಗದದ ದೇಶಗಳನ್ನು ಅಂಟಿಸುತ್ತಿದ್ದೆ. ಪಕ್ಕದ ಬೀದಿಯಲ್ಲಿದ್ದ ಅಪ್ಪನ ತಮ್ಮ, ನಮ್ಮ ಕಾಕಾ, ಊಟಕ್ಕೆ ಬಂದಿದ್ದ.

“ಒಬ್ಬ ರಾಜಕುಮಾರನ್ನ ಕೊಂದ್ರಂತ ಅಷ್ಟೂ ದೇಶ ಯಾಕ ಬಡಿದಾಡಿದ್ವು?” ಎಂದು ಅಪ್ಪನನ್ನು ಕೇಳಿದೆ.

“ಅದು ಬರೇ ನೆಪ. ಸಿಟ್ಟು ಮೊದಲಿಂದ ಇತ್ತು. ಕೆಲವರಿಗೆ ತಪ್ಪು ಒಪ್ಪಿಕೊಳ್ಳೂದು ಗೊತ್ತಿರಂಗಿಲ್ಲ,” ಎಂದ ಅಪ್ಪ.

ಕಾಕಾ ಮುರಿದ ರೊಟ್ಟಿಯನ್ನು ತಾಟಿನಲ್ಲಿಟ್ಟ. “ಯಾರಿಗಂದಿ ಅಣ್ಣಾ?”

“ಇತಿಹಾಸ ಹೇಳಾಕತ್ತೀನಿ.”

“ಅಪ್ಪ ಸತ್ತಾಗ ನಾ ಊರಿಗೆ ಬರಲಿಲ್ಲಂತ ಇನ್ನೂ ಚುಚ್ಚತೀಯಲ್ಲ?”

“ಬರಲಿಲ್ಲ, ಖರೆ ಹೌದಲ್ಲೋ?”

“ಸಾಕು ಮಾಡ್ರಿ,” ಎಂದಳು ಅವ್ವ. ಇಬ್ಬರೂ ಕೇಳಲಿಲ್ಲ. ದನಿಗಳು ಏರಿದವು. ಕಾಕಾ ಅರ್ಧ ಊಟ ಬಿಟ್ಟು ಎದ್ದು, ಎಂಜಲು ಕೈಯಲ್ಲೇ ಸೈಕಲ್ ಹತ್ತಿ ಹೋದ.

ಆಮೇಲೆ ವರ್ಷಗಟ್ಟಲೆ ಒಂದೇ ಸ್ಟಾಪಿನಲ್ಲಿ ಒಂದೇ ಬಸ್ಸಿಗೆ ಕಾದರೂ ಅಣ್ಣತಮ್ಮ ಮಾತಾಡಲಿಲ್ಲ. “ನೀವರ ಹೋಗಿ ಮಾತಾಡಿಸ್ರಿ,” ಎಂದು ಅವ್ವ ಅಂದಾಗೆಲ್ಲ ಅಪ್ಪನದು ಒಂದೇ ಉತ್ತರ:

“ಶುರು ಮಾಡಿದಾವ ಅವ.”