ತಮ್ಮನ ಗುರುತು

ವಿಧಾನಸಭೆಗೆ ಪಕ್ಷೇತರನಾಗಿ ನಿಂತ ಅವನು ಮೂರನೆಯ ಸಲವೂ ಸೋತ. ಈ ಸಲ ಅವನಿಗೆ ಸಿಕ್ಕಿದ್ದು ತೆಂಗಿನಕಾಯಿ ಗುರುತು. ಸೋತದ್ದು ಬರೀ ನೂರೆಂಬತ್ತು ಮತಗಳಿಂದ.

ಹಿಂದೆ ಎರಡು ಸಲವೂ ಕೈಹಿಡಿದಿದ್ದ ಹೂವಾಡಿಗರ ಬೀದಿಯಲ್ಲಿ ಈ ಬಾರಿ ಬಿದ್ದದ್ದು ಒಂಬತ್ತೇ ಮತ. ನಮ್ಮವರೇ ಎಂದು ಅಲ್ಲಿಗೆ ಪ್ರಚಾರಕ್ಕೂ ಹೋಗದೆ, ಪೋಸ್ಟರ್ ಅಂಟಿಸಿ ಸುಮ್ಮನಾಗಿದ್ದ.

ಬೀದಿಯ ಹಿರಿಯಳು ಚೆನ್ನಾಜಮ್ಮನ ಎದುರು ಹೋಗಿ ಕೂತ.

"ನನ್ನಿಂದ ಏನ್ ತಪ್ಪಾಯ್ತು ಅಕ್ಕಾ?"

"ನಿಂದೇನ್ ತಪ್ಪು ತಮ್ಮಾ?" ಆಕೆ ಕಣ್ಣೊರೆಸಿಕೊಂಡಳು. "ಯಾರೋ ಕಳ್ರು ನಿನ್ ಫೋಟೋ ಪಕ್ಕ ತೆಂಗಿನಕಾಯಿ ಹಾಕಿ ಗೋಡೆಗೆಲ್ಲಾ ಅಂಟಿಸ್ಬಿಟ್ಟಿದ್ರು. ಒಂದೂ ಬಿಡದಂಗೆ ಕಿತ್ತಾಕ್ದೆ. ಆಮೇಲೆ ಮನೆಮನೆಗೂ ಹೋಗಿ ಹೇಳ್ದೆ, ಯಾರೇನೇ ಅಂದ್ರೂ ನಂಬ್ಬೇಡಿ, ನಮ್ ತಮ್ಮಂದು ಯಾವತ್ತಿದ್ರೂ ಹೊಲಿಗೆ ಮಷೀನೇ ಅಂತ."