ಒಂದೇ ಮಳೆಗೆ ಬಿತ್ತುವ ಅವಸರ

ಮೊನ್ನೆ ಒಂದೇ ಮಳೆಗೆ ಮೊಮ್ಮಗ ಬಿತ್ತಲು ಟ್ರ್ಯಾಕ್ಟರ್ ತಂದು ನಿಲ್ಲಿಸಿದಾಗ, ಎರೆಮಣ್ಣಿನ ಹಸಿ ವಾಸನೆಗೆ ನನ್ನ ಬಾಲ್ಯದಲ್ಲಿ ಸಂತಪುರದ ಹೊಲದಲ್ಲಿ ಕಂಡ ಆ ಮಧ್ಯಾಹ್ನ ನೆನಪಾಯಿತು.

ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆಗೇ ಬಿತ್ತುವುದು ನಮ್ಮ ಕಡೆಯ ರೂಢಿ. ಅಂದು ಪಕ್ಕದ ಹೊಲದ ಕಾಕಾ ಆಗಲೇ ಕೂರಿಗೆ ಹೂಡಿದ್ದ. ಅದನ್ನು ನೋಡಿ ಅಪ್ಪನೂ ಎತ್ತು ಹೊಡೆದುಕೊಂಡು ಬಂದ. ಅಜ್ಜಿ ಬದುವಿನಲ್ಲಿ ಬೀಜದ ಚೀಲದ ಮೇಲೆ ಕುಳಿತುಬಿಟ್ಟಳು.

“ಏಳವ್ವಾ, ಮಿರಗ ಬಂದದ,” ಅಪ್ಪ ಅಂದ.

“ಪಂಚಾಂಗದಾಗ ಬಂದದ. ನೆಲದಾಗ ಬಂದದೇನು? ಮಳಿ ಮೊದಲಿನಂಗ ಉಳದಿಲ್ಲ, ನೀ ಮಾತ್ರ ಹಂಗೇ ಇದ್ದಿ.”

ನನ್ನ ಕೈಯಿಂದ ನೆಲ ಬಗೆಸಿದಳು. ಮೇಲಿನ ಮಣ್ಣು ಬೆರಳಿಗೆ ಅಂಟಿತು. ಕೆಳಗಿನದು ಬಿಸಿ ಬೂದಿಯಂತೆ ಉದುರಿತು. ಮೇಲಿನ ಹಸಿ ಕೆಳಗಿನ ಹಸಿಗೆ ಕೂಡುವ ತನಕ ಬಿತ್ತಬಾರದು ಎಂದಳು.

“ಊರ ಮಂದಿ ನಗ್ತಾರ,” ಅಪ್ಪ ಹಲ್ಲು ಕಡಿದ.

“ನಗಲಿ. ಮನ್ಯಾಗಿರೋದು ಇದೊಂದೇ ಬೀಜ. ಇದು ಸುಟ್ಟುಹೋದರ ನಿನ್ನ ಮೀಸಿ ಬಿತ್ತಬೇಕೇನು?”

ಅಪ್ಪ ಸಿಟ್ಟಿನಿಂದ ಎತ್ತು ತಿರುಗಿಸಿದ.

ಮುಂದಿನ ಮಳೆ ಬರುವಷ್ಟರಲ್ಲಿ ಕಾಕಾನ ಹೊಲದ ಮೊಳಕೆಯೆಲ್ಲ ಒಣಗಿತ್ತು. ಅಪ್ಪ ಬಾಗಿಲಲ್ಲಿ ನಿಂತು, “ಈಗ ಬಿತ್ತಲೇನವ್ವಾ?” ಎಂದ.

“ನನ್ನ ಯಾಕ ಕೇಳ್ತಿ? ನಿನಗ ಕೈಯಿಲ್ಲೇನು?”

ಅಪ್ಪ ಹೊಲಕ್ಕೆ ಹೋಗಿ, ಮೊಣಕಾಲೂರಿ ಮಣ್ಣು ಬಗೆಯತೊಡಗಿದ.