ಫಕ್ಕೀರಪ್ಪನ ಮೂರು ಲೀಟರ್ ಉಸಿರು

ವರ್ಷಕ್ಕೊಮ್ಮೆ ಆ ಊರಿನವರೆಲ್ಲ ಅಳತೆ ಕಚೇರಿಗೆ ಹೋಗಿ, ಎದೆಯಲ್ಲಿದ್ದಷ್ಟು ಉಸಿರನ್ನು ರಬ್ಬರ್ ಚೀಲಕ್ಕೆ ಊದಿ ಬರುತ್ತಿದ್ದರು. ಮುಂದಿನ ಅಳತೆಯವರೆಗೂ ಚೀಲ ಅಲ್ಲೇ ಕಪಾಟಿನಲ್ಲಿರುತ್ತಿತ್ತು. ನಡುವೆ ಯಾರಾದರೂ ತೀರಿಕೊಂಡರೆ ಅದನ್ನು ಮನೆಯವರಿಗೆ ಮುಟ್ಟಿಸುವುದು ಪದ್ಧತಿ.

ಕಚೇರಿಯ ಮೆಹಬೂಬಿ ಒಂದು ಚೀಲ ತಂದು ಕಸ್ತೂರೆವ್ವನ ಮಡಿಲಲ್ಲಿಟ್ಟಳು. ಚೀಟಿಯ ಮೇಲೆ ‘ಫಕ್ಕೀರಪ್ಪ, ಬಸ್ ಕಂಡಕ್ಟರ್, ಮೂರು ಲೀಟರ್’ ಎಂದಿತ್ತು. ಗಂಡ ಹೋದಾಗಿನಿಂದ ಕಸ್ತೂರೆವ್ವ ಹೊಸ್ತಿಲು ದಾಟಿರಲಿಲ್ಲ.

“ಹಿಂಗ ಇಟ್ಕೊಳ್ಳೇನ, ತಂಗಿ?”

“ಕಚೇರಿ ಕಪಾಟಿನ್ಯಾಗ ಅಷ್ಟ ತಡೀತೈತ್ರಿ, ಯವ್ವಾ. ಮನ್ಯಾಗ ಎಂಟು ದಿನಕ್ಕ ಸೋರಿ ಹೋಗ್ತೈತಿ.”

ಸೋರುವುದನ್ನು ನೋಡುತ್ತ ಕೂರುವುದು ಅವಳಿಂದಾಗದ ಮಾತು. ಮೊಳೆಗೆ ನೇತುಹಾಕಿದ್ದ ಗಂಡನ ಸೀಟಿಯನ್ನು ಚೀಲದ ಬಾಯಿಗೆ ಸಿಕ್ಕಿಸಿ ಮೆಲ್ಲಗೆ ಅದುಮಿದಳು. ಒಂದು ಉದ್ದ ಸೀಟಿ ಬಂತು. ಬಸ್ಸು ನಿಲ್ಲಿಸಲು ಅವನು ಊದುತ್ತಿದ್ದದ್ದು ಹಾಗೆಯೇ.

“ನಿಂತ ಬಿಟ್ಟೇನಲ್ರೀ,” ಎಂದು ಗಂಡನಿಗೆ ಹೇಳುವಂತೆ ಚೀಲಕ್ಕೆ ಹೇಳಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಚೀಲಕ್ಕೆ ಮೊಣಕೈ ತಾಗಿತು. ಉಳಿದ ಉಸಿರು ಗಿಡ್ಡಗೆ ಎರಡು ಸಲ ಕೂಗಿ, ಚೀಲ ಬರಿದಾಯಿತು. ಎರಡು ಸೀಟಿ ಎಂದರೆ ಬಸ್ಸು ಹೊರಡಬೇಕು. ಅದು ಊರಿಗೆಲ್ಲ ಗೊತ್ತು.

ಮೆಹಬೂಬಿ ಬಾಗಿಲು ದಾಟುತ್ತಿದ್ದಳು.

“ತಡಿ ತಂಗಿ,” ಎಂದು ಕಸ್ತೂರೆವ್ವ ಚಪ್ಪಲಿಯ ಧೂಳು ಕೊಡವಿದಳು. “ನಾನೂ ಬರ್ತೀನಿ.”